ಪೈಥಾನ್ ಪ್ರೋಗ್ರಾಂಗೆ ಕನ್ನಡ ದನಿ ಸೇರಿಸುವುದು

ಇಂಟರ್ನೆಟ್ ಇಲ್ಲದೆಯೂ ಕನ್ನಡ ಓದಿಸಲು ಪಠ್ಯವನ್ನು ದನಿಯಾಗಿಸುವ ತಂತ್ರಾಂಶ ಇಸ್ಪೀಕ್ ಎನ್‌ಜಿ ಸಾಕು. ದನಿ ಯಂತ್ರದ್ದೇ, ಆದರೆ ಉಚಿತ, ಹಗುರ. ಉಬುಂಟುವಿನಲ್ಲಿ ತಂತ್ರಾಂಶ ಹಾಕುವ ಆಪ್ಟ್ ಕಮಾಂಡ್ ಮೂಲಕ ಹಾಕಿಕೊಂಡು, ಬೇರೆ ಪ್ರೋಗ್ರಾಂಗಳನ್ನು ಓಡಿಸುವ ಪೈಥಾನ್‌ನ ಸಬ್‌ಪ್ರೋಸೆಸ್ ಮಾಡ್ಯೂಲ್‌ನಿಂದ ಕರೆಯಿರಿ. ದನಿ ಆರಿಸುವ ‘ವಿ’ (-v) ಆಯ್ಕೆಗೆ ಕನ್ನಡದ ಸಂಕೇತ ‘ಕೆಎನ್’ (kn) ಕೊಡಿ. ಮರೆತರೆ ಇಂಗ್ಲಿಷ್ ದನಿ ಬರುತ್ತದೆ. ವೇಗ ತಾನಾಗಿ ನಿಮಿಷಕ್ಕೆ 175 ಪದ. ಕನ್ನಡದ ಪದಗಳು ಉದ್ದ, ಹಾಗಾಗಿ ‘ಎಸ್’ (-s) ಆಯ್ಕೆಯಲ್ಲಿ 130ಕ್ಕೆ ಇಳಿಸಿದರೆ ಕಿವಿಗೆ ಹಿತ.

ಓದಬೇಕಾದ ಪಠ್ಯವನ್ನು ಕಮಾಂಡ್ ಸಾಲಿಗೆ ಅಂಟಿಸಬೇಡಿ. ಪಠ್ಯ ಅಡ್ಡಗೆರೆಯಿಂದ (-) ಶುರುವಾದರೆ ಇಸ್ಪೀಕ್ ಅದನ್ನು ಆಯ್ಕೆಯೆಂದೇ ತಿಳಿದು ಎಡವುತ್ತದೆ. ಪಠ್ಯವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತಕ್ಕೆ ಬದಲಿಸಿ, ಪ್ರೋಗ್ರಾಂ ಓದಿಕೊಳ್ಳುವ ದಾರಿಯಾದ ಸ್ಟ್ಯಾಂಡರ್ಡ್ ಇನ್‌ಪುಟ್‌ನಲ್ಲಿ ಕಳಿಸಿ.

ಸಬ್‌ಪ್ರೋಸೆಸ್‌ನ ‘ರನ್’ ಬಳಸಿದರೆ ಓದು ಮುಗಿಯುವವರೆಗೆ ನಿಮ್ಮ ಪ್ರೋಗ್ರಾಂನ ವಿಂಡೋ ಮರಗಟ್ಟುತ್ತದೆ, ಕಾಯದೆ ಮುಂದುವರಿಯುವ ‘ಪಿಓಪನ್’ (Popen) ಬಳಸಿ. ಹೊಸ ಓದಿಗೆ ಮುನ್ನ ಹಳೆಯದನ್ನು ‘ಟರ್ಮಿನೇಟ್’ ಮಾಡಿ ನಿಲ್ಲಿಸದಿದ್ದರೆ ಎರಡು ದನಿಗಳು ಒಟ್ಟಿಗೇ ಕೂಗುತ್ತವೆ. ಫೋನ್ ನಂಬರು ಕೋಟಿ, ಲಕ್ಷಗಳಾಗದಂತೆ ಅಂಕಿಗಳ ನಡುವೆ ಜಾಗ ಬಿಡಿ.