ಆಟ್ರಿಬ್ಯೂಟ್ ಹೆಸರೇ ವೇರಿಯೇಬಲ್‌ನಲ್ಲಿದ್ದರೆ

ರಾಯಚೂರಿನಲ್ಲಿ ಪೈಥಾನ್ ಕಲಿಯುತ್ತಿರುವ ಗೆಳೆಯರಿಗೆ ಒಂದು ಸಲಹೆ. ಹತ್ತಿ ಲಾಟ್‌ನ ಆಬ್ಜೆಕ್ಟ್‌ನಲ್ಲಿ ತೂಕ, ದರ, ತೇವಾಂಶ ಎಂಬ ಆಟ್ರಿಬ್ಯೂಟ್‌ಗಳು, ಅಂದರೆ ಹೆಸರಿಟ್ಟ ಮೌಲ್ಯಗಳು, ಇವೆ ಅಂದುಕೊಳ್ಳಿ. ಬಳಸುವವರು ಕೇಳಿದ್ದರ ಹೆಸರು ಒಂದು ವೇರಿಯೇಬಲ್‌ನಲ್ಲಿದೆ, ಅದರ ಮೌಲ್ಯ ತೋರಿಸಬೇಕು. ಅದಕ್ಕೆ ಸಾಲುಸಾಲು ಇಫ್ ಯಾಕೆ ಬೇಕು? ಚುಕ್ಕಿ ಹಾಕಿ ವೇರಿಯೇಬಲ್ ಬರೆದರೂ ಆಗಲ್ಲ, ಪೈಥಾನ್ ಆ ವೇರಿಯೇಬಲ್‌ನ ಹೆಸರಿನದೇ ಆಟ್ರಿಬ್ಯೂಟ್ ಹುಡುಕುತ್ತದೆ.

ಗೆಟ್‌ಆಟರ್ (getattr) ಫಂಕ್ಷನ್ ಬಳಸಿ. ಮೊದಲು ಆಬ್ಜೆಕ್ಟ್, ಆಮೇಲೆ ಹೆಸರಿರುವ ಸ್ಟ್ರಿಂಗ್. ಮೂರನೆಯದಾಗಿ ಡಿಫಾಲ್ಟ್ ಕೊಟ್ಟರೆ, ಆಟ್ರಿಬ್ಯೂಟ್ ಇಲ್ಲದಾಗ ಎರರ್ ಬದಲು ಅದು ಸಿಗುತ್ತದೆ. ಆದರೆ ಸುಮ್ನೆ ಎಲ್ಲ ಕಡೆ ಡಿಫಾಲ್ಟ್ ಕೊಡಬೇಡಿ. ಹೆಸರು ತಪ್ಪಾಗಿ ಟೈಪ್ ಆಗಿದ್ದರೂ ಗೊತ್ತಾಗಲ್ಲ, ಅದೇ ಜಾಸ್ತಿ ಕಾಡುತ್ತದೆ.

ಆಟ್ರಿಬ್ಯೂಟ್‌ನ ಮೌಲ್ಯ ಬದಲಿಸಲು ಸೆಟ್‌ಆಟರ್ (setattr) ಇದೆ. ಹೊರಗಿನಿಂದ ಬಂದ ಹೆಸರನ್ನು ನೇರವಾಗಿ ಅದಕ್ಕೆ ಕೊಡಬೇಡಿ. ನೀವು ಒಪ್ಪಿದ ಹೆಸರುಗಳ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ. ಇದಕ್ಕೆಲ್ಲ ಸ್ಟ್ರಿಂಗನ್ನೇ ಕೋಡ್ ಆಗಿ ಓಡಿಸುವ ಎವಾಲ್ (eval) ಮಾತ್ರ ಬೇಡವೇ ಬೇಡ.