ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಅಡಗಿಸಲು ಹೋಗಿ

ನಾನು ಕಲಬುರಗಿಯ ಮನೆಯಲ್ಲೇ ಕೂತು ಪಿಯುಸಿ ಮಕ್ಕಳಿಗೆ ಗಣಿತದ ಪಾಠ ರೆಕಾರ್ಡ್ ಮಾಡುತ್ತೇನೆ. ಏಪ್ರಿಲ್ ಮಧ್ಯಾಹ್ನ ಇಲ್ಲಿ 41-42 ಡಿಗ್ರಿ ಬಿಸಿಲು. ಮೈಕ್ ಆನ್ ಮಾಡುವ ಮುಂಚೆ ಕೂಲರ್, ಸೀಲಿಂಗ್ ಫ್ಯಾನ್ ಎಲ್ಲ ಬಂದ್. ಆಮೇಲೆ ಉಳಿಯುವ ಸದ್ದು ಲ್ಯಾಪ್‌ಟಾಪಿನದು. ಒಬ್ಬ ಹುಡುಗ ಕೇಳಿಯೇಬಿಟ್ಟ: "ಸರ್, ಮನ್ಯಾಗ ಮಿಕ್ಸಿ ಹಚ್ಚೀರೇನ್ರಿ?"

ನಾಚಿಕೆಯಾಯಿತು. ಫ್ಯಾನ್ ವೇಗ ಕಡಿಮೆ ಮಾಡುವ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ. ಇಪ್ಪತ್ತು ನಿಮಿಷ ಚೆಂದ ಮೌನ. ಆಮೇಲೆ ಮೌಸ್ ತಡವರಿಸಿತು, ಪರದೆ ಕಪ್ಪಾಯಿತು. ಅರ್ಧ ಪಾಠ ಹೋಯಿತು.

ನನ್ನದು ಇಂಟೆಲ್ ಐ5-8250ಯು ಪ್ರೊಸೆಸರ್. ಅದರ ಮಿತಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದೂ ಸಾಲದಿದ್ದರೆ ಯಂತ್ರ ಆಫ್ ಆಗುತ್ತದೆ. ನಾನು ಫ್ಯಾನಿನ ಕೈ ಕಟ್ಟಿ ಹಾಕಿದ್ದೆ, ಇನ್ನೇನಾಗಬೇಕು?

ಆಮೇಲೆ ಬುದ್ಧಿ ಬಂತು. ಪ್ರೊಸೆಸರಿನ ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ ಒಂದು ವಾರ ಬಿಸಿ ಎಷ್ಟಿದೆ ಅಂತ ಬರೆದಿಟ್ಟೆ. ಸುಮ್ನೆ ಇಟ್ಟಾಗ 62, ರೆಕಾರ್ಡಿಂಗ್ ಹೊತ್ತಲ್ಲಿ 97. ಪಕ್ಕದ ಕಿಂಡಿಗೆ ಕೈ ಹಿಡಿದು ನೋಡಿದೆ. ಸದ್ದು ಅಷ್ಟು ಜೋರು, ಬರುವ ಗಾಳಿ ಮಾತ್ರ ಬಡಕಲು. ಒಳಗೆ ಎಲ್ಲೋ ದಾರಿ ಕಟ್ಟಿದೆ ಅಂತ ಅಲ್ಲೇ ಗೊತ್ತಾಯಿತು.

ಒಂದು ಭಾನುವಾರ ಬಿಚ್ಚಿದೆ. ಸ್ಕ್ರೂಗಳ ಉದ್ದ ಒಂದೇ ಥರ ಇರುವುದಿಲ್ಲ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಆಯಾ ಜಾಗದಲ್ಲೇ ಟೇಪ್ ಹಚ್ಚಿ ಅಂಟಿಸಿದೆ. ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆದೆ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಫ್ಯಾನಿಗೂ ಬಿಸಿ ಹೊರಗೆ ಬಿಡುವ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿ ಚೂರಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಹೊರಗಿನಿಂದ ಎಷ್ಟು ಸಲ ಬ್ಲೋವರ್ ಹಿಡಿದಿದ್ದೆನೋ, ಅದು ಜಗ್ಗಿರಲಿಲ್ಲ. ಚಿಮಟದಿಂದ ಎತ್ತಿದೆ. ಉಳಿದದ್ದನ್ನು ಊದುವಾಗ ಫ್ಯಾನಿನ ಎಸಳು ತಿರುಗದಂತೆ ಕಡ್ಡಿ ಒತ್ತಿ ಹಿಡಿದೆ. ಸಿಕ್ಕಾಪಟ್ಟೆ ತಿರುಗಿದರೆ ಬೇರಿಂಗ್ ಹಾಳು.

ಪ್ರೊಸೆಸರಿನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಹೊಸ ಪೇಸ್ಟ್ ಅಕ್ಕಿಕಾಳಿನಷ್ಟು ಇಟ್ಟೆ. ಆ ಲೋಹದ ಭಾಗ, ಅಂದರೆ ಹೀಟ್‌ಸಿಂಕ್, ಅದರ ಸ್ಕ್ರೂಗಳ ಪಕ್ಕ ಸಾಮಾನ್ಯವಾಗಿ 1, 2, 3, 4 ಅಂತ ಬರೆದಿರುತ್ತದೆ. ಅದೇ ವರಸೆಯಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು.

ರೆಕಾರ್ಡಿಂಗ್‌ನಲ್ಲಿ 97 ಇದ್ದದ್ದು 82ಕ್ಕೆ ಇಳಿಯಿತು. ಸದ್ದು ಮಾತ್ರ ಪೂರ್ತಿ ಹೋಗಲಿಲ್ಲ. ಅದಕ್ಕೆ ಕಾರಣ ಟರ್ಬೊ, ಅಂದರೆ ಕೆಲಸ ಜಾಸ್ತಿಯಾದಾಗ ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುವುದು. ಈ ಪ್ರೊಸೆಸರ್ 3.4 ಗಿಗಾಹರ್ಟ್ಸ್‌ವರೆಗೆ ಜಿಗಿಯುತ್ತದೆ, ಜಿಗಿದಾಗಲೆಲ್ಲ ಫ್ಯಾನ್ ಕಿರುಚುತ್ತದೆ. ವಿಂಡೋಸ್‌ನ ಪವರ್ ಆಪ್ಷನ್ಸ್ ಒಳಗೆ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಇದೆಯಲ್ಲ, ಅದನ್ನು 100ರಿಂದ 99ಕ್ಕೆ ಇಳಿಸಿದೆ. ಅಷ್ಟೇ. ನನ್ನ ಯಂತ್ರದಲ್ಲಿ ಟರ್ಬೊ ನಿಂತಿತು, ಬಿಸಿ 66ಕ್ಕೆ ಬಂತು, ಮೈಕಿಗೆ ಫ್ಯಾನ್ ಕೇಳಿಸುವುದೇ ಇಲ್ಲ. ಬದಲಿಗೆ ವಿಡಿಯೊ ಎಕ್ಸ್‌ಪೋರ್ಟ್ ತುಂಬಾ ನಿಧಾನ. ಹಾಗಾಗಿ ಎರಡು ಪವರ್ ಪ್ಲಾನ್ ಮಾಡಿಟ್ಟಿದ್ದೇನೆ. ಪಾಠಕ್ಕೆ 99, ರಾತ್ರಿ ಎಕ್ಸ್‌ಪೋರ್ಟಿಗೆ 100. ರಾತ್ರಿ ಎಷ್ಟು ಬೇಕಾದರೂ ಕೂಗಲಿ.

ನಡುವೆ ಒಂದು ಕೂಲಿಂಗ್ ಪ್ಯಾಡ್ ಕೂಡ ತಂದಿದ್ದೆ. ಅದರದೇ ಸದ್ದು ಜಾಸ್ತಿ! ಈಗ ಹಿಂದಿನ ಎರಡು ಕಾಲಿನ ಕೆಳಗೆ ಬಾಟಲಿಯ ಮುಚ್ಚಳ ಇಡುತ್ತೇನೆ. ಗಾಳಿ ಎಳೆದುಕೊಳ್ಳುವ ಕಿಂಡಿ ಇರುವುದು ತಳದಲ್ಲಿ ಅಲ್ವಾ, ಅದಕ್ಕೇ ಇಷ್ಟರಲ್ಲೇ ಮೂರ್ನಾಲ್ಕು ಡಿಗ್ರಿ ಇಳಿಯಿತು. ಹಾಸಿಗೆಯ ಮೇಲೆ ಇಡುವ ಅಭ್ಯಾಸವನ್ನೂ ಬಿಟ್ಟೆ.

ಕೆಲಸದ ಹೊತ್ತಲ್ಲಿ 85ರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 95ರಲ್ಲೇ ಕೂತರೆ ಬಿಚ್ಚಿ ನೋಡುತ್ತೇನೆ. ನನಗೆ ಪ್ರೊಸೆಸರಿಗಿಂತ ಬ್ಯಾಟರಿಯದೇ ಚಿಂತೆ. ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ, ಆಯಸ್ಸು ಬೇಗ ಕರಗುತ್ತದೆ.

ಇಷ್ಟೆಲ್ಲ ಮಾಡಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಆ ಫ್ಯಾನಿಗೆ ಆಗುವುದಿಲ್ಲ. ಆದ್ದರಿಂದ ಏಪ್ರಿಲ್, ಮೇ ಎರಡು ತಿಂಗಳು ಬೆಳಿಗ್ಗೆ ಐದೂವರೆಗೇ ರೆಕಾರ್ಡಿಂಗ್ ಶುರು ಮಾಡುತ್ತೇನೆ. ಮತ್ತೆ ಬಿಚ್ಚುವುದು ಮುಂದಿನ ಯುಗಾದಿಗೆ, ಮನೆಗೆ ಸುಣ್ಣಬಣ್ಣ ಮುಗಿದ ಮೇಲೆ. ಅದಕ್ಕಿಂತ ಮುಂಚೆ ಮಾಡಿದರೆ ಆ ಧೂಳೆಲ್ಲ ಮತ್ತೆ ಒಳಗೆ.