ರಾಯಚೂರಿನ ಬಿಸಿಲಿನಲ್ಲಿ ಪರಾವಲಂಬಿ, ಶಿಲೀಂಧ್ರ, ವೈರಸ್‌ಗಳನ್ನು ಓದುವ ಬಗೆ

ಎಂಬಿಬಿಎಸ್ ಎರಡನೇ ವರ್ಷದವರಿರಲಿ, ಮೈಕ್ರೋಬಯಾಲಜಿ ಎಂಎಸ್ಸಿಯವರಿರಲಿ, ಬ್ಯಾಕ್ಟೀರಿಯಾ ಮುಗಿಸಿ ಈ ಭಾಗಕ್ಕೆ ಬಂದವರು ಹೆಸರುಗಳ ರಾಶಿ ಕಂಡು ಬಾಯಿಪಾಠಕ್ಕೆ ಇಳಿಯುತ್ತಾರೆ. ಪ್ರಾಕ್ಟಿಕಲ್ ದಿನ ಅದು ಕೈಕೊಡುತ್ತದೆ. ಪ್ರತಿ ಜೀವಿಯ ಬಗ್ಗೆಯೂ ಮೊದಲು ಕೇಳಿಕೊಳ್ಳಿ: ಯಾವ ಸ್ಯಾಂಪಲ್, ಯಾವ ಹೊತ್ತಿನಲ್ಲಿ ತೆಗೆದದ್ದು, ಎಷ್ಟು ಹೊತ್ತಿನೊಳಗೆ ನೋಡಬೇಕು? ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಓದುವವರು ಇನ್ನೊಂದನ್ನು ಸೇರಿಸಬೇಕು: ನಮ್ಮ ಬಿಸಿಲು ಆ ಸ್ಯಾಂಪಲ್‌ಗೆ ಏನು ಮಾಡುತ್ತದೆ? ಪುಸ್ತಕದ ‘ರೂಮ್ ಟೆಂಪರೇಚರ್’ 25 ಡಿಗ್ರಿಯ ಆಸುಪಾಸು. ಮೇ ತಿಂಗಳಲ್ಲಿ ಹೊರಗೆ 40 ದಾಟುವ ಊರಿನ ಕೋಣೆಗೆ ಆ ಮಾತು ಹೊಂದುವುದಿಲ್ಲ.

ಮಲೇರಿಯಾ ಸ್ಮಿಯರ್‌ನಿಂದ (ಸ್ಲೈಡಿನ ಮೇಲಿನ ರಕ್ತದ ಲೇಪ) ಶುರುಮಾಡಿ, ಇದೊಂದು ಕೈಗೆ ಹತ್ತಿದರೆ ಉಳಿದದ್ದಕ್ಕೆ ಧೈರ್ಯ ಬರುತ್ತದೆ. ಒಂದೇ ಸ್ಲೈಡಿನಲ್ಲಿ ದಪ್ಪ ಮತ್ತು ತೆಳು ಎರಡೂ ಲೇಪ ಮಾಡಿ. ದಪ್ಪದ್ದಕ್ಕೆ ಎರಡು ಮೂರು ಸಣ್ಣ ಹನಿ ರಕ್ತವನ್ನು ಸುಮಾರು 12 ಮಿಲಿಮೀಟರ್ ಅಗಲಕ್ಕೆ ಹರಡಿ. ಕೆಳಗೆ ಪತ್ರಿಕೆ ಇಟ್ಟರೆ ಅಕ್ಷರ ಕಷ್ಟಪಟ್ಟು ಓದುವಂತಿರಬೇಕು. ತೆಳು ಲೇಪವನ್ನು ಮಾತ್ರ ಮೆಥನಾಲ್‌ನಲ್ಲಿ ಒಂದೆರಡು ಸೆಕೆಂಡ್ ಅದ್ದಿ ತೆಗೆಯಿರಿ. ದಪ್ಪ ಲೇಪಕ್ಕೆ ಮೆಥನಾಲ್ ತಾಗಲೇಬಾರದು, ಅದರ ಕೆಂಪು ಕಣಗಳು ನೀರಿನಲ್ಲಿ ಒಡೆದು ಹಿಮೋಗ್ಲೋಬಿನ್ ಹೊರಹೋಗಬೇಕು. ಇಲ್ಲಿಯೇ ಬಿಸಿಲು ಆಟ ಕೆಡಿಸುವುದು: ಬೇಸಿಗೆಯಲ್ಲಿ ಸ್ಲೈಡನ್ನು ನಾಳೆ ನೋಡೋಣವೆಂದು ಇಟ್ಟರೆ, ಇಲ್ಲವೇ ಕಿಟಕಿಯ ಬಿಸಿಲಿಗೆ ಒಣಗಿಸಿದರೆ, ಶಾಖಕ್ಕೆ ದಪ್ಪ ಲೇಪ ತಾನಾಗಿಯೇ ಫಿಕ್ಸ್ ಆಗುತ್ತದೆ, ಅಂದರೆ ಕೆಂಪು ಕಣಗಳು ಒಡೆಯದೆ ಗಟ್ಟಿಯಾಗಿ ಕೂರುತ್ತವೆ. ಆಮೇಲೆ ಎಷ್ಟು ತೊಳೆದರೂ ಹಿನ್ನೆಲೆಯ ಬಣ್ಣ ಬಿಡದು, ಪರಾವಲಂಬಿಯ ಉಂಗುರಗಳು ಕಾಣವು. ಅಂದಿನದನ್ನು ಅಂದೇ ಬಣ್ಣ ಹಾಕಿ.

ಜೀಮ್ಸಾ (ಲೇಪಕ್ಕೆ ಹಾಕುವ ಬಣ್ಣ) 10 ಶೇಕಡಾ ಆದರೆ 10ರಿಂದ 15 ನಿಮಿಷ, 3 ಶೇಕಡಾ ಆದರೆ 45 ನಿಮಿಷ. ಬಣ್ಣವನ್ನು ಪಿಎಚ್ 7.2ರ ಬಫರ್ ನೀರಿನಲ್ಲೇ ಕಲಸಿ. ಬೋರ್‌ವೆಲ್ಲಿನ ಗಡಸು ನೀರನ್ನು ನೇರ ಬಳಸಿದರೆ ಫಲಿತಾಂಶ ದಿನಕ್ಕೊಂದು ಥರ ಬರುತ್ತದೆ, ಪಿಎಚ್ 6.8ರ ಕಡೆಗೆ ಇಳಿದರಂತೂ ವೈವಾಕ್ಸ್ ಎಂಬ ಮಲೇರಿಯಾ ಜಾತಿಯ ಶಫ್ನರ್ ಚುಕ್ಕೆಗಳು (ಸೋಂಕಿದ ಕೆಂಪು ಕಣದಲ್ಲಿ ಕಾಣುವ ಸಣ್ಣ ಚುಕ್ಕೆಗಳು) ಏಳುವುದೇ ಇಲ್ಲ. ಹುಡುಕುವುದು ದಪ್ಪ ಲೇಪದಲ್ಲಿ, ಜಾತಿ ಹೇಳುವುದು ತೆಳುವಿನಲ್ಲಿ: ಕಣ ಉಬ್ಬಿ ಚುಕ್ಕೆಯಿದ್ದರೆ ವೈವಾಕ್ಸ್, ಕಣದ ಗಾತ್ರ ಹಾಗೇ ಇದ್ದು ಉಂಗುರ ನವಿರಾಗಿದ್ದರೆ ಫಾಲ್ಸಿಪಾರಮ್. ಎಣ್ಣೆ ಲೆನ್ಸಿನಲ್ಲಿ ಕನಿಷ್ಠ 100 ಫೀಲ್ಡ್ ನೋಡದೆ ‘ನೆಗೆಟಿವ್’ ಎಂದು ಬರೆಯಬೇಡಿ.

ಮಲಪರೀಕ್ಷೆಗೆ ಒಂದೇ ಸ್ಲೈಡಿನಲ್ಲಿ ಸಲೈನ್ ಒಂದು ಹನಿ, ಅಯೋಡಿನ್ ಒಂದು ಹನಿ. ಚಲಿಸುವ ಅಮೀಬಾ ಬೇಕೆಂದರೆ ನೀರಾದ ಮಲವನ್ನು ಅರ್ಧ ಗಂಟೆಯೊಳಗೆ ನೋಡಬೇಕು, ಅದೂ ಸಲೈನಿನಲ್ಲಿ. ಅಯೋಡಿನ್ ಅದನ್ನು ಕೊಲ್ಲುತ್ತದೆ. ಕೊಕ್ಕೆಹುಳುವಿನ ಮೊಟ್ಟೆ ಈ ಸೆಖೆಯಲ್ಲಿ ಒಂದು ದಿನ ಕೂತರೆ ಒಡೆದು ಮರಿ ಹೊರಬರುತ್ತದೆ, ನೋಡಿದವರು ಅದನ್ನು ಸ್ಟ್ರಾಂಗಿಲಾಯ್ಡಿಸ್ ಎಂಬ ಬೇರೆ ಹುಳುವಿನ ಮರಿ ಎಂದು ಬರೆದುಬಿಡುತ್ತಾರೆ. ಬಾಯಿಯ ಕುಳಿ ಉದ್ದವಿದ್ದರೆ ಕೊಕ್ಕೆಹುಳು, ಗಿಡ್ಡವಿದ್ದರೆ ಸ್ಟ್ರಾಂಗಿಲಾಯ್ಡಿಸ್. ಮೊಟ್ಟೆಗಳ ಚಿತ್ರ ಬರೆಯುವಾಗ ಐಪೀಸ್ ಮೈಕ್ರೋಮೀಟರ್‌ನಿಂದ ಅಳೆದೇ ಬರೆಯಿರಿ. ಕೊಕ್ಕೆಹುಳುವಿನದು ಸುಮಾರು 60 ಮೈಕ್ರಾನ್ ಉದ್ದ, 40 ಅಗಲ. ಪರಾಗಕಣ, ಗಾಳಿಗುಳ್ಳೆಗಳನ್ನು ಮೊಟ್ಟೆ ಎನ್ನುವ ತಪ್ಪು ಅಳತೆಯಿಂದಲೇ ಹೋಗುವುದು.

ಆನೆಕಾಲು ರೋಗ ರಾಯಚೂರಿನ ಕಡೆ ಇರುವುದೇ. ಅದರ ಹುಳುವಿನ ಮರಿಯಾದ ಮೈಕ್ರೋಫೈಲೇರಿಯಾ ಸಿಗುವುದು ರಾತ್ರಿ 10ರಿಂದ 2ರೊಳಗಿನ ರಕ್ತದಲ್ಲಿ, ಹಗಲು ಓಪಿಡಿಯಲ್ಲಲ್ಲ. ನಾರುಹುಣ್ಣನ್ನು ಭಾರತದಿಂದ ಹೋಯಿತೆಂದು 2000ದಲ್ಲಿ ದೃಢೀಕರಿಸಿದರೂ, ಮೆಟ್ಟಿಲು ಬಾವಿ ಮತ್ತು ಸೈಕ್ಲಾಪ್ಸ್‌ನ (ಆ ಹುಳುವಿನ ಮರಿಯನ್ನು ಹೊರುವ ನೀರಿನ ಸಣ್ಣ ಜೀವಿ) ಕೊಂಡಿಯನ್ನು ಓದಿಯೇ ಇಡಿ. ನೀರನ್ನು ಬಟ್ಟೆಯಲ್ಲಿ ಸೋಸಿ ಒಂದು ರೋಗವನ್ನು ಓಡಿಸಬಹುದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಶಿಲೀಂಧ್ರದಲ್ಲಿ ಹುಳಕಡ್ಡಿಯಿಂದ ಹಿಡಿಯಿರಿ. ಚರ್ಮವನ್ನು 70 ಶೇಕಡಾ ಆಲ್ಕೋಹಾಲಿನಿಂದ ಒರೆಸಿ, ಮಚ್ಚೆಯ ನಡುವೆ ಬಿಟ್ಟು ಹರಡುತ್ತಿರುವ ಅಂಚಿನಿಂದ ಕೆರೆಯಿರಿ. 10 ಶೇಕಡಾ ಕೆಒಎಚ್‌ನಲ್ಲಿ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) 10ರಿಂದ 20 ನಿಮಿಷ. ಉಗುರಾದರೆ 20ರಿಂದ 40 ಶೇಕಡಾ, ರಾತ್ರಿಯಿಡೀ. ಹನಿ ಒಣಗಿ ಹರಳು ಕಟ್ಟಿದರೆ ಏನೂ ಕಾಣದು, ಆದ್ದರಿಂದ ಒದ್ದೆ ಹತ್ತಿಯಿರುವ ಪೆಟ್ರಿ ತಟ್ಟೆಯಲ್ಲಿ ಮುಚ್ಚಿಡಿ. ಅಂಗಡಿಯಿಂದ ತಂದ ಕ್ರೀಮ್ ಹಚ್ಚಿದ್ದೀರಾ ಎಂದು ಕೇಳದೆ ಮುಂದುವರಿಯಬೇಡಿ: ಸ್ಟೀರಾಯ್ಡ್ ಇದ್ದರೆ ಮಚ್ಚೆಯ ರೂಪವೇ ಬದಲಾಗಿರುತ್ತದೆ, ಶಿಲೀಂಧ್ರದ ಔಷಧ ಇದ್ದರೆ ಕಲ್ಚರ್ ಬರದೇ ಹೋಗಬಹುದು. ಶಿಲೀಂಧ್ರ ಬೆಳೆಸುವ ಸಬೂರೋ ಅಗಾರ್ 25ರಿಂದ 30 ಡಿಗ್ರಿಯಲ್ಲಿ ನಾಲ್ಕು ವಾರ ಇರಬೇಕು; ಬೇಸಿಗೆಯಲ್ಲಿ ತಂಪು ಮಾಡಬಲ್ಲ ಬಿಒಡಿ ಇನ್‌ಕ್ಯುಬೇಟರ್ ಬೇಕೇಬೇಕು, ಬೆಂಚಿನ ಮೇಲೆ ಬಿಟ್ಟದ್ದು ಬೆಳೆಯುವ ಮುಂಚೆ ಒಣಗಿ ಬಿರಿಯುತ್ತದೆ. ಮ್ಯೂಕರ್ ಎಂಬ ಶಿಲೀಂಧ್ರದ ಶಂಕೆಯ ಅಂಗಾಂಶವನ್ನು ಅರೆಯಬೇಡಿ, ಸಣ್ಣಗೆ ಕತ್ತರಿಸಿ. ಅದರ ಎಳೆಗಳಲ್ಲಿ ಅಡ್ಡಗೋಡೆ ಅಪರೂಪ, ಅರೆದರೆ ಎಳೆಯೇ ಸತ್ತು ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಕಲ್ಚರಿನಲ್ಲಿ ಬರುವುದಿಲ್ಲ.

ವೈರಸ್‌ಗಳನ್ನು ಕಣ್ಣಿನಿಂದ ಕಲಿಯಲಾಗದು, ದಿನದ ಲೆಕ್ಕದಿಂದ ಕಲಿಯಿರಿ. ಡೆಂಗಿಯಲ್ಲಿ ಜ್ವರದ ಮೊದಲ ಐದು ದಿನ ಎನ್‌ಎಸ್1 (ವೈರಸ್‌ನದೇ ಪ್ರೋಟೀನ್), ಆಮೇಲೆ ಐಜಿಎಂ (ದೇಹ ಮಾಡುವ ಪ್ರತಿಕಾಯ). ಜಪಾನೀಸ್ ಎನ್‌ಸೆಫಲೈಟಿಸ್‌ಗೆ (ಒಂದು ಬಗೆಯ ಮಿದುಳು ಜ್ವರ) ಬೆನ್ನುಹುರಿ ದ್ರವದ ಐಜಿಎಂ ಹೆಚ್ಚು ನಂಬಿಕೆಗೆ ಅರ್ಹ. ಡೆಂಗಿಯೂ ಅದೇ ಕುಟುಂಬದ್ದಾದ್ದರಿಂದ ಸೀರಮ್‌ನಲ್ಲಿ ಒಂದರ ಪರೀಕ್ಷೆ ಇನ್ನೊಂದಕ್ಕೆ ಪಾಸಿಟಿವ್ ಆಗಬಹುದು. ಜಪಾನೀಸ್ ಎನ್‌ಸೆಫಲೈಟಿಸ್ ಹರಡುವ ಸರಪಳಿಯನ್ನು ನಕ್ಷೆಯಾಗಿ ಬರೆಯಲು ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಗದ್ದೆಗಳೇ ಸಾಕು: ನಿಂತ ನೀರಿನಲ್ಲಿ ಕ್ಯೂಲೆಕ್ಸ್ ಸೊಳ್ಳೆ, ನೀರುಹಕ್ಕಿ, ಹಂದಿ, ಕೊನೆಗೆ ಮನುಷ್ಯ. ಮನುಷ್ಯನ ರಕ್ತದಲ್ಲಿ ಸೊಳ್ಳೆಗೆ ದಾಟುವಷ್ಟು ವೈರಸ್ ಇರುವುದಿಲ್ಲ.

ತಾಲೂಕಿನಿಂದ ಸ್ಯಾಂಪಲ್ ತರಿಸುವುದಾದರೆ ಸೀರಮ್ ಬೇರ್ಪಡಿಸಿ 2ರಿಂದ 8 ಡಿಗ್ರಿಯಲ್ಲಿ, ಐಸ್ ಪ್ಯಾಕ್ ಜೊತೆ ಕಳಿಸಲು ಹೇಳಿ. ರಕ್ತವನ್ನು ಹಾಗೇ ಫ್ರೀಜರ್‌ಗೆ ಹಾಕಿದರೆ ಕೆಂಪು ಕಣ ಒಡೆದು ಎಲೈಸಾ (ಎನ್‌ಎಸ್1, ಐಜಿಎಂ ಹುಡುಕುವ ಪರೀಕ್ಷೆ) ಕೆಡುತ್ತದೆ, ಮತ್ತೆ ರಕ್ತ ತೆಗೆಯುವ ಹೊತ್ತಿಗೆ ಎನ್‌ಎಸ್1 ಸಿಗುವ ದಿನಗಳೇ ಮುಗಿದಿರುತ್ತವೆ.